ಸುಮ್ಮನೋನು ಮುಚ್ಚಿದ ಬಾಗಿಲು

ಆ ಸೋಮವಾರ ಬೆಳಿಗ್ಗೆ ಬಾಳ್ಳುಪೇಟೆಯ ಮಟನ್ ಅಂಗಡಿಯ ಮುಂದೆ ಇದ್ದವರು ಮೂರೇ ಜನ: ಕತ್ತಿ ಮಸೆಯುತ್ತಿದ್ದ ಬಾಬಣ್ಣ, ಜೀಪಿಗೆ ಒರಗಿ ನಿಂತ ನಾನು, ಹಣೆ ತುಂಬ ವಿಭೂತಿ ಇಟ್ಟುಕೊಂಡು ಸ್ಟೀಲ್ ಫ್ಲಾಸ್ಕ್ ಹಿಡಿದಿದ್ದ ನನ್ನ ದೊಡ್ಡಪ್ಪನ ಮಗಳು ಗಿರಿಜಕ್ಕ. ಮೊಟ್ಟೆಯ ಹೆಸರೆತ್ತಿದರೂ ಮೂಗು ಮುಚ್ಚುವ ಹೆಂಗಸು.

"ಕುರಿ ಕರುಳಿಗೆ ಹೋಗೋ ರಕ್ತನಾಳ ಬೇಕಿತ್ತು."

"ಬರೀ ನರಾನಾ? ಸಾರಿಗೆ ರುಚಿ ಬರಾಕಿಲ್ಲ ಕಣಕ್ಕಾ!"

"ಸಾರಿಗಲ್ಲ ಮಾರಾಯ, ಪಿಎಚ್‌ಡಿಗೆ."

ಬಾಬಣ್ಣ ನನ್ನ ಮುಖ ನೋಡಿದರು. ನಾನು ಫ್ಲಾಸ್ಕ್ ನೋಡಿದೆ.

ಅಂದಿನಿಂದ ಪ್ರತಿ ಸೋಮವಾರ, ಮಂಜುಗಡ್ಡೆಯಲ್ಲಿಟ್ಟ ನಾಳದ ಜೊತೆ ಅವಳನ್ನು ಹಾಸನದ ಕಾಲೇಜಿಗೆ ಬಿಡುವುದು ನನ್ನ ಕೆಲಸವಾಯಿತು. ದಾರಿಯುದ್ದಕ್ಕೂ ಪಾಠ. ನಾಳದ ಗೋಡೆಯ ಸ್ನಾಯುಕೋಶಗಳಲ್ಲಿ ಪೊಟ್ಯಾಶಿಯಂ ಹೊರಹೋಗುವ ಸಣ್ಣ ಬಾಗಿಲುಗಳಿವೆಯಂತೆ. ಅವು ತೆರೆದರೆ ನಾಳ ಸಡಿಲ, ಮುಚ್ಚಿದರೆ ಬಿಗಿ.

"ಪೊಟ್ಯಾಶ್ ಅಂದ್ರೆ ನಾವು ಕಾಫಿ ಗಿಡಕ್ಕೆ ಹಾಕ್ತೀವಲ್ಲ, ಅದೇನಾ?"

"ಅದೇ ಕಣೋ. ಆದ್ರೆ ಬಾಬಣ್ಣಂಗೆ ಹೇಳ್ಬೇಡ, ಕುರಿಗೆ ಗೊಬ್ಬರ ತಿನ್ನಿಸ್ಬುಟ್ಟಾರು."

ನನಗೆ ತಿಳಿಯಲೆಂದು ನಮ್ಮ ಕಾಫಿ ಎಸ್ಟೇಟಿನ ಲೆಕ್ಕದಲ್ಲಿ ಬಿಡಿಸಿದಳು. ಬಾಗಿಲು ಸ್ಟೋರಿನದು. ಅದನ್ನು ತೆರೆದಿಡುವವನು ಲೆಕ್ಕ ಬರೆಯುವ ರೈಟರ್; ಕೋಶದೊಳಗೆ ಆ ಕೆಲಸ ಮಾಡುವುದು ಒಂದು ಎಂಜೈಮು. ರೈಟರನ್ನು ಸುಮ್ಮನೆ ಕೂರಿಸುವುದು ಅವಳ ಔಷಧಿ. ಔಷಧಿ ಹಾಕಿದಾಗಲೆಲ್ಲ ಬಾಗಿಲು ಮುಚ್ಚುತ್ತಿತ್ತು. ಹಾಗಾದರೆ ಬಾಗಿಲು ರೈಟರನ ಕೈಯಲ್ಲಿದೆ ಎಂದಾಯಿತಲ್ಲ? ನಾಲ್ಕು ವರ್ಷದ ಅವಳ ಪ್ರಬಂಧ ನಿಂತಿದ್ದು ಈ ಒಂದು ಮಾತಿನ ಮೇಲೆ.

ಹೋಲಿಸಿ ನೋಡಲು ಇನ್ನೊಂದು ಔಷಧಿ ಇತ್ತು. ನೋಡಲು ಮೊದಲನೆಯದರ ತಮ್ಮನಂತೆ. ಎಂಜೈಮಿನ ತಂಟೆಗೆ ಮಾತ್ರ ಹೋಗದು, ಹಾಗಾಗಿ ಅದನ್ನು ಹಾಕಿದರೆ ಬಾಗಿಲು ಮುಚ್ಚಬಾರದು. ಗಿರಿಜಕ್ಕ ಅದಕ್ಕಿಟ್ಟ ಹೆಸರು 'ಸುಮ್ಮನೋನು'.

ಒಂದು ಸಂಜೆ ಕಾಲೇಜಿನ ಗೇಟಿನಿಂದ ಬಂದು ಜೀಪಿನಲ್ಲಿ ಕೂತವಳು ಆಲೂರು ದಾಟುವಾಗ ಫ್ಲಾಸ್ಕನ್ನು ಕಾಲ ಬಳಿ ಇಟ್ಟಳು. ಆಮೇಲೆ ಹೇಳಿದಳು: "ಸುಮ್ಮನೋನೂ ಬಾಗ್ಲು ಮುಚ್ಬುಟ್ಟ ಕಣೋ."

"ರೈಟರ್ ಎಲ್ಲೋಗಿದ್ದ?"

"ಅಲ್ಲೇ ಇದ್ದ. ಅವನ್ನ ಯಾರೂ ಮುಟ್ಟೇ ಇಲ್ಲ. ಔಷಧಿನೇ ಹೋಗಿ ಬಾಗ್ಲಿಗೆ ಅಡ್ಡ ನಿಂತದೆ ಅಂತ ಕಾಣ್ತದೆ. ಇಷ್ಟು ದಿನ ನಾನು ತಪ್ಪನ್ನ ರೈಟರ್ ಮೇಲೆ ಹಾಕ್ತಿದ್ದೆ."

"ಅಂಗಾರೆ ರೈಟರಿಗೂ ಬಾಗ್ಲಿಗೂ ಸಂಬಂಧ ಇಲ್ವಾ?"

"ಅದೂ ಗೊತ್ತಿಲ್ಲ. ಇರಬೌದು, ಇಲ್ದೇನೂ ಇರಬೌದು." ನಗುತ್ತಿದ್ದಳೋ ಅಳುತ್ತಿದ್ದಳೋ, ಸ್ಟೇರಿಂಗ್ ಹಿಡಿದಿದ್ದ ನನಗೆ ತಿಳಿಯಲಿಲ್ಲ.

ಸುಮ್ಮನೋನ ಪುಟಗಳನ್ನು ಬಿಟ್ಟು ಪ್ರಬಂಧ ಕೊಟ್ಟುಬಿಡು ಎಂದು ಅವಳ ಗೈಡ್ ಹೇಳಿದರಂತೆ. "ಕಂಡಿದ್ದನ್ನ ಕಂಡಿಲ್ಲ ಅನ್ನಕ್ಕಾಯ್ತದಾ?" ಎಂದು ಆ ಪುಟಗಳನ್ನೇ ಮೊದಲಿಗೆ ಹಾಕಿ ಕೊಟ್ಟಳು. ಪ್ರಬಂಧ ವಾಪಸ್ ಬಂತು. ಇನ್ನೊಂದು ವರ್ಷ ನಾಳ ಹೊತ್ತಳು, ಮೊದಲಿಂದ ಬರೆದಳು, ಡಾಕ್ಟರ್ ಆದಳು, ಕೆಲಸ ಸಿಕ್ಕಿ ಧಾರವಾಡದ ಕಡೆ ಹೊರಟಳು. ಹೋಗುವಾಗ ಫ್ಲಾಸ್ಕನ್ನು ಜೀಪಿನಲ್ಲೇ ಬಿಟ್ಟಳು.

ಮುಂದಿನ ಸೋಮವಾರ ಅಭ್ಯಾಸಬಲದಿಂದ ಬಾಬಣ್ಣನ ಅಂಗಡಿ ಮುಂದೆ ಜೀಪು ನಿಲ್ಲಿಸಿದೆ. ವಾರವಾರ ನನ್ನಿಂದ ಬಾಗಿಲು, ರೈಟರನ ಕತೆ ಕೇಳುತ್ತಿದ್ದ ಅವರು ನಾಳ ಬಿಡಿಸಿ ಇಟ್ಟಿದ್ದರು.

"ಅಕ್ಕ ಇನ್ ಬರಾಕಿಲ್ವಾ? ಕೊನೆಗೆ ಬಾಗ್ಲು ಮುಚ್ಚಿದ್ದು ಯಾರಂತೆ?"

"ಔಷಧಿನೇ ಅಂತೆ."

"ಮತ್ತೆ ರೈಟರ್?"

"ಪಾಪ, ಅವನು ಮಾಡಿದ್ದು ಅನ್ನಕ್ಕೆ ಸಾಕ್ಷಿ ಇಲ್ವಂತೆ."

ಬಾಬಣ್ಣ ಬಿಡಿಸಿಟ್ಟ ನಾಳವನ್ನು ನಾಯಿಗೆ ಹಾಕಿದರು.