ಅಜ್ಜನ ಶಾಲಿನ ಗಂಟು

ಅರಬರ ನಾಡಿನ ಈ ನಜ್ಮಾದ ಓಣಿಯಲ್ಲಿ ನಮ್ಮ ಇಬ್ರಾಹಿಮಾಕ ಹೊಲಿಗೆ ಮೆಷಿನ್ ತುಳಿಯತೊಡಗಿ ಮೂವತ್ತೆಂಟು ವರ್ಷವಾಯಿತು. ಉಳ್ಳಾಲದ ಕಡೆಯವರು. ಬಿಡಿ ದಾರ ನೇತಾಡುವ ಬಟ್ಟೆ ಅವರ ಅಂಗಡಿಯಿಂದ ಹೊರಬಿದ್ದದ್ದನ್ನು ನಾನಂತೂ ಕಂಡಿಲ್ಲ. ಆ ಹೆಮ್ಮೆಯೇ ಒಮ್ಮೆ ಅವರಿಗೆ ಕೈಕೊಟ್ಟಿತು.

ಅಲ್ ಹಿಲಾಲ್ ಬಡಾವಣೆಯಲ್ಲಿ ಬಾಡಿಗೆಗಿರುವ ಅಮೆರಿಕದ ಟೀಚರ್ ಮಿರಿಯಂ ಈ ಅಂಗಡಿಯ ಹಳೆಯ ಗಿರಾಕಿ. ಯೆಹೂದಿ ಹೆಂಗಸು. ಮಗ ನೇಥನ್‌ಗೆ ಹದಿಮೂರು ತುಂಬಿತ್ತು. ಆ ವಯಸ್ಸಿಗೆ ಅವರಲ್ಲಿ ಹುಡುಗ ದೊಡ್ಡವನಾದ ಹಾಗೆ; ಎಲ್ಲರೆದುರು ಧರ್ಮಗ್ರಂಥ ಓದಬೇಕು. ಓದುವಾಗ ಹೊದೆಯಲು ತೀರಿಹೋದ ಅಜ್ಜನ ಬಿಳಿ ಶಾಲಿತ್ತು, ಅಂಚು ಹರಿದಿತ್ತು. "ಅಂಚಷ್ಟೇ ಹೊಲಿದುಕೊಡಿ. ಶನಿವಾರ ಬೆಳಿಗ್ಗೆ ನೀವೂ ಬನ್ನಿ" ಎಂದು ಮಿರಿಯಂ ಕೊಟ್ಟುಹೋದರು.

ಬರುವವರಿಗೆಂದು ಕೊಟ್ಟ ಕಾಗದವನ್ನು ಮಗಳು ಮುಫೀದಾ ಓದಿ ಹೇಳಿದಳು. ಗಂಡಸರು ತಲೆ ಮುಚ್ಚಬೇಕು, ಟೊಪ್ಪಿ ಇಲ್ಲದವರಿಗೆ ಬಾಗಿಲಲ್ಲೇ ಕೊಡುತ್ತಾರೆ. ಫೋಟೋ ತೆಗೆಯಬಾರದು. ಓದು ಮುಗಿದಾಗ ಹುಡುಗನ ಮೇಲೆ ಮಿಠಾಯಿ ಎಸೆಯಬೇಕು. ಅದು ಅವರ ವಿಶ್ರಾಂತಿಯ ದಿನ, ಉಡುಗೊರೆ ತರಬೇಡಿ.

"ನಿಮ್ಮ ತಲೆಯಲ್ಲಿ ಹೇಗೂ ಇದೆ, ಅವರಿಗೊಂದು ಟೊಪ್ಪಿ ಉಳಿಯಿತು" ಎಂದರು ಹೆಂಡತಿ ಆಯಿಷಮ್ಮ.

"ಖಾಲಿ ಕೈಯಲ್ಲಿ ಹೋಗುವುದು ಹೇಗೆ ಮಾರಾಯ್ತಿ?"

"ಬೇಡ ಅಂದ ಮೇಲೆ ಬೇಡ. ಮಿಠಾಯಿ ಮೆಲ್ಲ ಎಸೆಯಿರಿ, ಹುಡುಗನ ಕಣ್ಣಿಗೆ ತಾಗಿಸಿ ಮರ್ಯಾದೆ ತೆಗೆಯಬೇಡಿ."

ಉಡುಗೊರೆಯನ್ನು ಹೊಲಿಗೆಯಲ್ಲೇ ಕೊಡುವುದೆಂದು ಇಬ್ರಾಹಿಮಾಕ ನಿಶ್ಚಯಿಸಿದರು. ಅಂಚನ್ನು ಹರಿದದ್ದೇ ಗೊತ್ತಾಗದಂತೆ ಕೂಡಿಸಿದರು. ಆದರೆ ನಾಲ್ಕು ಮೂಲೆಯಲ್ಲೂ ಗಂಟುಗಂಟಾಗಿ, ಬಣ್ಣಗೆಟ್ಟು ಜೋತಾಡುವ ದಾರಗಳು ಕಣ್ಣಿಗೆ ಚುಚ್ಚಿದವು. ಅವನ್ನು ಕತ್ತರಿಸಿ ಬಿಸಾಡಿ ರೇಷ್ಮೆಯ ಗೊಂಡೆ ಕಟ್ಟಿದರು. ಇಸ್ತ್ರಿ ಹಾಕಿ, ಕಾಗದ ಸುತ್ತಿ, ಶುಕ್ರವಾರ ಮಧ್ಯಾಹ್ನ ಮನೆಗೆ ಮುಟ್ಟಿಸಿದರು. ಫೋನಿನಲ್ಲಿ ಒಂದು ಮಾತು ಕೇಳಬಹುದಿತ್ತು. ಕೇಳಿ ಕೆಲಸ ಮಾಡುವುದು ಅವರ ಜಾಯಮಾನವಲ್ಲ.

ಶನಿವಾರ ಆ ಮನೆಯ ಹಜಾರದಲ್ಲಿ ಇಪ್ಪತ್ತು ಜನ. ಇವರನ್ನು ಮುಂದಿನ ಸಾಲಿನಲ್ಲೇ ಕೂರಿಸಿದರು. ಮಿರಿಯಂ ಅಡುಗೆಯ ಗಡಿಬಿಡಿಯಲ್ಲಿ ಬಿಚ್ಚದೆ ಇಟ್ಟಿದ್ದ ಕಾಗದ ತೆಗೆದು ಶಾಲಿನ ಒಂದು ಮೂಲೆ ಹಿಡಿದು ನೋಡಿದರು. ಇನ್ನೊಂದು ಮೂಲೆ ನೋಡಿದರು.

"ಹಳೆಯದು ಕೆಟ್ಟಿತ್ತು ಮೇಡಂ, ಹೊಸದು ಹಾಕಿದೆ" ಎಂದರು ಇಬ್ರಾಹಿಮಾಕ.

"ಆ ಗಂಟು ಕಟ್ಟಿದ್ದು ನನ್ನ ಅಪ್ಪ. ಅವು ಇಲ್ಲದೆ ಇದನ್ನು ಹೊದೆಯುವ ಹಾಗಿಲ್ಲ."

"ಹೇಗೆ ಕಟ್ಟುವುದು ಹೇಳಿ, ಈಗಲೇ ಕಟ್ಟುತ್ತೇನೆ."

"ಈ ದಿನ ನಾವು ಗಂಟು ಹಾಕುವುದಿಲ್ಲ, ಮಿಸ್ಟರ್ ಇಬ್ರಾಹಿಂ."

ಬೈದಿದ್ದರೆ ಸಲೀಸಾಗುತ್ತಿತ್ತು. ಬೈಯಲಿಲ್ಲ. ಶಾಲನ್ನು ಮಡಚಿ ಕುರ್ಚಿಯ ಮೇಲಿಟ್ಟರು. ಹುಡುಗ ಬರೀ ಅಂಗಿಯಲ್ಲೇ ನಿಂತು ಓದಿದ. ನಡುವೆ ಒಮ್ಮೆ ತಡವರಿಸಿ, ಮತ್ತೆ ಸುಧಾರಿಸಿಕೊಂಡ. ಎಲ್ಲರೂ ಮಿಠಾಯಿ ಎಸೆದರು. ಇಬ್ರಾಹಿಮಾಕನ ಕೈ ಮೇಲೇಳಲಿಲ್ಲ.

ಊಟದ ಹೊತ್ತಿಗೆ ನೇಥನ್ ತಾನಾಗಿ ಬಳಿಗೆ ಬಂದ. "ಅಂಕಲ್, ಆ ಹಳೆಯ ದಾರ ಅಂಗಡಿಯಲ್ಲಿ ಇದೆಯಾ? ಸುಮ್ಮನೆ ಇಟ್ಟುಕೊಳ್ಳುತ್ತೇನೆ."

ಗುಡಿಸಿದ ಚೂರುಗಳ ಜೊತೆ ಅದು ಗುರುವಾರವೇ ಕಸದ ಗಾಡಿ ಸೇರಿತ್ತು.

"ಮಾಫಿ, ಮೋನೇ" ಎಂದರು ಇಬ್ರಾಹಿಮಾಕ, ಮಗನನ್ನು ಕರೆಯುವ ಹಾಗೆ.

ಮಾಫಿ ಎಂದರೆ ಇಲ್ಲಿಯ ಅರಬಿ ಮಾತಿನಲ್ಲಿ ಇಲ್ಲ ಎಂದು. ಹುಡುಗನಿಗೆ ಅಷ್ಟೇ ತಿಳಿಯಿತು. ನಮ್ಮೂರಿನಲ್ಲಿ ಆ ಮಾತೆಂದರೆ ಕ್ಷಮೆ; ಅದನ್ನೂ ಅವರು ಕೇಳಿದ್ದರು, ಅದು ಅವನಿಗೆ ಮುಟ್ಟಲಿಲ್ಲ.