ಮನೆಯವರ ಬಾಯಿಂದ ಕೇಳಿದ ಮೇಲೆ

ಹೋದ ವಾರ ಬ್ಯಾಟರಿ ಹುಡುಕಲು ಡ್ರಾಯರ್ ಎಳೆದರೆ ಮೈಕಿಗೆ ಹಾಕುವ ಸ್ಪಂಜಿನ ಟೋಪಿಯೊಂದು ಕೈಗೆ ಸಿಕ್ಕಿತು. ಒಂದು ಕಾಲಕ್ಕೆ ಹಳದಿ ಇತ್ತು, ಈಗ ಯಾವ ಬಣ್ಣ ಅಂತ ಹೇಳುವ ಹಾಗಿಲ್ಲ. ಮೂಗಿಗೆ ಹಿಡಿದೆ. ಸಂಡೂರು ದಾರಿಯ ಅದಿರಿನ ಕೆಂಪು ಧೂಳು... ಇಷ್ಟು ವರ್ಷವಾದರೂ ವಾಸನೆ ಹೋಗಿಲ್ಲ, ದರಿದ್ರದ್ದು.  ಅದನ್ನು ಮೈಕಿನಿಂದ ಕಿತ್ತು ಬಿಸಾಕಿದ್ದು ನಮ್ಮ ಮೇಡಂ. ಎತ್ತಿಟ್ಟುಕೊಂಡವಳು ನಾನು.

ಮೇಡಂ ಹೊಸಪೇಟೆಯ ಒಂದು ಡಿಜಿಟಲ್ ಸುದ್ದಿವಾಹಿನಿಯ ಸಂಪಾದಕಿ. ಕೆಳಗೆ ಮಿಠಾಯಿ ಅಂಗಡಿ, ಮೇಲೆ ನಮ್ಮ ಆಫೀಸು. ದಿನವಿಡೀ ಸಕ್ಕರೆ ಪಾಕದ ವಾಸನೆಯಲ್ಲಿ ಕೂತು ಊರಿನ ಕಹಿಯನ್ನೆಲ್ಲ ಟೈಪು ಮಾಡುತ್ತಿದ್ದೆವು. ಮೇಡಂ ಸಂಡೂರಿನಾಚೆಯ ಬಂಡ್ರಿಯವರು. ಅಪ್ಪ, ಅವ್ವ ಇಬ್ಬರೂ ಗಣಿಯಲ್ಲಿ ಕೂಲಿ ಮಾಡಿದವರು. ಮೊದಲು ಅವರು ಒಂದು ಪತ್ರಿಕೆಯಲ್ಲಿದ್ದರಂತೆ. ಅಲ್ಲಿ ವರ್ಷಗಟ್ಟಲೆ ರಂಗೋಲಿ ಸ್ಪರ್ಧೆ, ಅಡುಗೆ ಸ್ಪರ್ಧೆ ಬರೆಸಿದರು. ಗಣಿ ಸುದ್ದಿ ಕೊಡಿ ಅಂದರೆ, ಅದು ಗಂಡಸರ ಕೆಲಸ ಅಂದರಂತೆ. ಅದಿರಿನ ಧೂಳು ಕುಡಿದು ಬೆಳೆದವಳಿಗೆ ಈ ಮಾತು!

ಹಂಪಿ ರಸ್ತೆಯಲ್ಲಿ ಲಾಡ್ಜ್ ಇಟ್ಟಿದ್ದ ಒಬ್ಬ ಧಣಿಗೆ ಸುದ್ದಿವಾಹಿನಿಯ ಹುಚ್ಚು ಹಿಡಿಯಿತು. ಮೇಡಂ ಅವರನ್ನು ಕರೆದು ಸಂಪಾದಕಿ ಮಾಡಿದ. ಹೆಣ್ಣುಮಗಳು ಮುಂದಿದ್ದರೆ ಯಾರೂ ಜಗಳಕ್ಕೆ ಬರುವುದಿಲ್ಲ ಎಂಬುದು ಅವನ ಎಣಿಕೆ. ಬಂದರು, ಹಿಂಡುಹಿಂಡಾಗಿ ಬಂದರು. ವಿಡಿಯೋ ಕೆಳಗೆ ಅವರ ಬಣ್ಣದ ಮೇಲೆ, ಜಾತಿಯ ಮೇಲೆ, ಮದುವೆಯಾಗದ್ದರ ಮೇಲೆ ಬರೆಯದ ಗಂಡಸಿಲ್ಲ. ಮೇಡಂ ಬೆಳಿಗ್ಗೆ ಒಗ್ಗರಣಿ-ಮಿರ್ಚಿ ತಿನ್ನುತ್ತ ಅದನ್ನೆಲ್ಲ ನಮಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. "ಇಂವನ್ನ ನೋಡ್ರಿಲೇ, ನನ್ನ ಮೂಗಿನ ಮ್ಯಾಲೆ ಬರದಾನ. ಇಂವನ ಮೂಗು ಅವರವ್ವಗರ ಚಂದ ಕಾಣ್ತೈತೋ ಇಲ್ಲೋ!" ಎಂದು ಮಿರ್ಚಿಯ ತೊಟ್ಟು ಮುರಿಯುತ್ತಿದ್ದರು. ನಾವು ನಗುತ್ತಿದ್ದೆವು. ನಕ್ಕು ಆದ ಮೇಲೆ ಅವರು ತಟ್ಟೆಯನ್ನು ಅರ್ಧಕ್ಕೇ ಬದಿಗೆ ಸರಿಸುತ್ತಿದ್ದರು.

ಮೆತ್ತಗಿನ ಹೆಂಗಸು ಅಂತ ಮಾತ್ರ ತಿಳಿಯಬೇಡಿ. ನನ್ನನ್ನು ಅಳಿಸಿದಷ್ಟು ನನ್ನ ಅತ್ತೆಯೂ ಅಳಿಸಿಲ್ಲ. ಅವರದು ಒಂದೇ ಹಟ. ಯಾರಾದರೂ ಸತ್ತರು ಎಂಬ ಸುದ್ದಿಯನ್ನು ಮನೆಯವರ ಬಾಯಿಂದ ಕೇಳದೆ ಹಾಕಬಾರದು. ಪೊಲೀಸರು ಹೇಳಲಿ, ಪಕ್ಕದ ಮನೆಯವರು ಹೇಳಲಿ, ಬೇರೆ ವಾಹಿನಿಗಳೆಲ್ಲ ಫೋನಿನಲ್ಲಿ ಕಪ್ಪು ಅಂಚಿನ ಸುದ್ದಿ ಕಾರ್ಡ್ ಹಾಕಿ ದೀಪದ ಚಿತ್ರ ಅಂಟಿಸಿರಲಿ, ನಮ್ಮಲ್ಲಿ ಮನೆಯವರು ಹೇಳಬೇಕು.

ನನ್ನ ಮೊದಲ ಸಾವಿನ ಸುದ್ದಿ ಕಂಪ್ಲಿಯದು, ನನ್ನೂರಿನದೇ. ಹೊಳೆಯಲ್ಲಿ ಒಬ್ಬ ಮುಳುಗಿದ ಅಂತ ಎಲ್ಲ ಕಡೆ ಬಂದಿತ್ತು. ಮೇಡಂ ನನ್ನನ್ನು ಅವನ ಮನೆಗೆ ಓಡಿಸಿದರು.

"ಹೆಂಗ ಕೇಳಬೇಕ್ರಿ ಮೇಡಂ, ನಿನ್ನ ಗಂಡ ಸತ್ತಾನೇನು ಅಂತ?"

"ಕೇಳಬ್ಯಾಡ. ಅಂಗಳದಾಗ ಸುಮ್ನ ನಿಂದ್ರು. ಅವ್ರೇ ಹೇಳ್ತಾರ. ಹೇಳಲಿಲ್ಲಂದ್ರ ಹೊಳ್ಳಿ ಬಾ."

ಹೋಗಿ ನಿಂತೆ. ಹೆಂಗಸು ಪಾತ್ರೆ ತಿಕ್ಕುತ್ತಿದ್ದಳು. ಪಾಪ ಇವಳಿಗಿನ್ನೂ ಗೊತ್ತಿಲ್ಲವೇನೋ ಅಂದುಕೊಂಡೆ. ಅಷ್ಟರಲ್ಲಿ ಹಿತ್ತಲಿನಿಂದ ಟವೆಲ್ ಸುತ್ತಿಕೊಂಡು, ತಲೆ ಒರೆಸಿಕೊಳ್ಳುತ್ತ ಒಬ್ಬ ಬಂದ. "ಯಾರವ್ವಾ, ಯಾರು ಬೇಕಿತ್ತು?" ಎಂದು ಕೇಳಿದ. ಸತ್ತವನು ಅವನೇ! ಮುಳುಗಿದ್ದು ಯಾರದೋ ಎಮ್ಮೆ. ಫೋನು ಮಾಡಿದರೆ ಮೇಡಂ ನಗಲಿಲ್ಲ. "ಆ ಕಾರ್ಡ್ ನೋಡಿ ಆಕಿ ಬಾವಿಗೆ ಬಿದ್ದಿದ್ರ?" ಅಂದು ಫೋನಿಟ್ಟರು.

ಈ ಹಟದಿಂದ ನಾವು ಯಾವಾಗಲೂ ಹಿಂದೆ. ಧಣಿ ಮೆಟ್ಟಿಲು ಹತ್ತಿ ಬಂದು ಕೂಗಾಡುತ್ತಿದ್ದ. "ನೀವು ಅಂಗಳದಾಗ ನಿಂದ್ರೂದ್ರಾಗ ಸುದ್ದಿ ಹಳಸಿ ಹೋಗ್ತೈತ್ರಿ ಮೇಡಂ!" ಮೇಡಂ ಕುರ್ಚಿಯಿಂದ ಏಳುತ್ತಲೂ ಇರಲಿಲ್ಲ. "ಅನ್ನ ಹಳಸ್ತೈತ್ರಿ, ಸಾವು ಹಳಸಂಗಿಲ್ಲ." ಬರಬರುತ್ತ ಜನರಿಗೂ ಇದು ಗೊತ್ತಾಯಿತು. ಬೇರೆಯವರು ಏನಾದರೂ ಹಾಕಲಿ, ಆ ಹಳದಿ ಗುರುತಿನ ವಾಹಿನಿಯಲ್ಲಿ ಬಂತೆಂದರೆ ಖರೇ ಅಂತ ಹೋಟೆಲುಗಳಲ್ಲಿ ಮಾತಾಡಿಕೊಳ್ಳುತ್ತಿದ್ದರು. ನಮಗೆ ಅದೇ ಹೆಮ್ಮೆ. ಆ ಹೆಮ್ಮೆಗೆ ಬೆಂಕಿ ಬೀಳಲಿ.

ಆ ದಿನ ಮೇಡಂ, ನಾನು ಹಂಪಿಯ ಬಾಳೆ ತೋಟವೊಂದರಲ್ಲಿ ಇದ್ದೆವು. ಗಾಳಿಗೆ ಗಿಡ ಬಿದ್ದ ಸುದ್ದಿ. ಮೈಕು ನನ್ನ ಕೈಯಲ್ಲಿತ್ತು. ಫೋನು ಸದ್ದು ಮಾಡಿತು, ನೋಡಿದರೆ ನಮ್ಮದೇ ಕಾರ್ಡು. ಬಂಡ್ರಿ ಬಳಿ ಅದಿರು ಲಾರಿ ಪಲ್ಟಿ, ಚಾಲಕ ಸ್ಥಳದಲ್ಲೇ ಸಾವು. ಮೇಡಂ ಊರಲ್ಲಿಲ್ಲದ್ದು ನೋಡಿ ಧಣಿ ತನ್ನ ಫೋನಿನಿಂದ ತಾನೇ ಹಾಕಿದ್ದ. ಯಾರೋ ಕಳಿಸಿದ ಫೋಟೋ, ರಸ್ತೆ ಬದಿಗೆ ಬೋರಲು ಬಿದ್ದ ಮನುಷ್ಯ. ಮುಖ ಕಾಣುತ್ತಿರಲಿಲ್ಲ.

ಮೇಡಂ ಆ ಫೋಟೋವನ್ನು ಎರಡು ಬೆರಳಿನಿಂದ ದೊಡ್ಡದು ಮಾಡಿದರು. "ಈ ಅಂಗಿ ನಾ ಕೊಡಿಸಿದ್ದು" ಅಂದರು.

ಅವರ ತಮ್ಮ ಲಾರಿ ಓಡಿಸುತ್ತಿದ್ದ. ಅವನ ಫೋನಿಗೆ ಹಚ್ಚಿದರು. ಯಾರೋ ಎತ್ತಿದರು. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸಿತು.

"ಅಂವ ಸತ್ತಾನ್ರಿ ಯಕ್ಕಾ. ಫೋನಿನಾಗ ಬಂದೈತಲ್ಲ, ನೋಡಿಲ್ಲೇನ್ರಿ?"

"ಮುಟ್ಟಿ ನೋಡಿದಿರೇನು?"

"ಪೊಲೀಸ್ನೋರು ಬರೂತನ ಹೆಣ ಮುಟ್ಟಬಾರ್ದಲ್ರಿ. ತಾಡಪಾಲು ಹೊಚ್ಚೇವಿ."

"ಆಂಬುಲೆನ್ಸು?"

"ಬಂದಿತ್ರಿ. ಕ್ಲೀನರ್‌ಗ ಜೀವ ಇತ್ತು, ಅಂವನ್ನ ಹಾಕಿ ಕಳಿಸಿದ್ವಿ. ಆ ಹಳದಿ ಚಾನೆಲ್ಲಿನಾಗ ಬಂದೈತ್ರಿ ಯಕ್ಕಾ, ಅವ್ರು ಸುಳ್ಳು ಹಾಕಂಗಿಲ್ಲ."

ಮೇಡಂ ಕಾರಿನ ಕಡೆ ಓಡಿದರು. ಸಂಡೂರು ದಾಟಿ ಬಂಡ್ರಿ ಹತ್ತಿರ ಕಾರು ನಿಲ್ಲುವ ಮೊದಲೇ ಇಳಿದರು. ಜನ ಸುತ್ತ ನಿಂತಿತ್ತು. ಅವರು ತಾಡಪಾಲು ಸರಿಸಿ, ತಮ್ಮನ ಕೊರಳಿಗೆ ಬೆರಳಿಟ್ಟು ಕೂತರು. ಆಮೇಲೆ ಅವರು ಕೂಗಿದ ಕೂಗು... ಅದನ್ನು ಬರೆಯಲು ನನಗೆ ಬರುವುದಿಲ್ಲ. ಅವನಿಗೆ ಇನ್ನೂ ಜೀವವಿತ್ತು. ಅಷ್ಟು ಹೊತ್ತು, ಅಷ್ಟು ಮಂದಿಯ ಕಾಲ ಬುಡದಲ್ಲಿ, ಬಿಸಿಲಿಗೆ ಕಾದ ತಾಡಪಾಲಿನ ಕೆಳಗೆ ಅವನು ಉಸಿರಾಡುತ್ತ ಬಿದ್ದಿದ್ದ. ನಮ್ಮ ಕಾರಿನಲ್ಲೇ ಹಾಕಿಕೊಂಡು ಹೊರಟೆವು. ಸಂಡೂರು ಮುಟ್ಟುವ ಮೊದಲು ಅಕ್ಕನ ತೊಡೆಯ ಮೇಲೆ ಹೋದ. ಇನ್ನೊಂದಿಷ್ಟು ಮೊದಲು ತಂದಿದ್ದರೆ ಅಂತ ಡಾಕ್ಟರು ಏನೋ ಹೇಳಲು ಹೋಗಿ, ಮೇಡಂ ಮುಖ ನೋಡಿ ನಿಲ್ಲಿಸಿದರು.

ಆಸ್ಪತ್ರೆಯ ಬಾಗಿಲಲ್ಲಿ ಬೇರೆ ವಾಹಿನಿಯವರು ಆಗಲೇ ಕಾಯುತ್ತಿದ್ದರು. "ಮೇಡಂ, ಹೆಂಗ ಅನಸ್ತೈತ್ರಿ ಈಗ?" ಅಂದವನೊಬ್ಬನಿದ್ದ, ಅವನ ಬಾಯಿಗೆ ಹುಳ ಬೀಳಲಿ. ಅದೇ ಹೊತ್ತಿಗೆ ನನ್ನ ಫೋನಿಗೆ ಧಣಿ. "ಮೇಡಂ ಬಾಯಿಂದ ಎರಡು ಮಾತು ತಗೋ. ಬ್ಯಾರೆ ಯಾರಿಗೂ ಸಿಗಬಾರ್ದು. ಮನೆಯವ್ರು ಹೇಳ್ಬೇಕಂತಿದ್ರಲ್ಲ, ಈಗ ಅವ್ರೇ ಮನೆಯವ್ರು!"  ಅವನ ದನಿ ಮೇಡಂಗೂ ಕೇಳಿಸಿರಬೇಕು. ಬಂದು ನನ್ನ ಕೈಯಲ್ಲಿದ್ದ ಮೈಕಿನ ಹಳದಿ ಸ್ಪಂಜನ್ನು ಕಿತ್ತು ರಸ್ತೆಗೆ ಒಗೆದರು. ಲಾರಿಯೊಂದು ಅದರ ಮೇಲೆ ಹಾದು ಹೋಯಿತು.

ತಮ್ಮನ ಮಣ್ಣು ಮುಗಿಸಿ ಅವರು ಆಫೀಸಿಗೆ ಬಂದರು. ಯಾರ ಕಡೆಗೂ ನೋಡದೆ ಕೂತು ತಾವೇ ಟೈಪು ಮಾಡಿದರು. ನಾವು ಸಾವಿನ ಸುದ್ದಿ ಹಾಕಿದಾಗ ಚಾಲಕ ಬದುಕಿದ್ದ, ನಾವು ಮನೆಯವರನ್ನು ಕೇಳಿರಲಿಲ್ಲ, ನಮ್ಮ ಸುದ್ದಿ ನಂಬಿ ಜನ ಅವನನ್ನು ಆಸ್ಪತ್ರೆಗೆ ಒಯ್ಯಲಿಲ್ಲ. ಇಷ್ಟೇ. ಕೆಳಗೆ ಸಂಪಾದಕಿ ಅಂತ ತಮ್ಮ ಹೆಸರು.

ಧಣಿ ಮೆಟ್ಟಿಲು ಹತ್ತಿ ಬಂದ. ಬರುತ್ತಲೇ ಅದನ್ನು ಅಳಿಸಿದ.

"ಮೊದ್ಲು ಸತ್ರೇನು, ಆಮ್ಯಾಲೆ ಸತ್ರೇನ್ರಿ ಮೇಡಂ? ಸತ್ತದ್ದು ಖರೇ ಹೌದಲ್ಲೋ?"

ಮೇಡಂ ಮತ್ತೆ ಹಾಕಿದರು. ಅವನು ಮತ್ತೆ ಅಳಿಸಿದ, ಪಾಸ್‌ವರ್ಡ್ ಬದಲಿಸಿದ. "ನಾಳಿಂದ ಬರಬ್ಯಾಡ್ರಿ" ಅಂದ. ಅವರು ಬ್ಯಾಗು ಎತ್ತಿಕೊಂಡು ಮಿಠಾಯಿ ಅಂಗಡಿಯ ಮುಂದೆ ಹಾದು ಬಸ್ ನಿಲ್ದಾಣದ ಕಡೆ ನಡೆದರು. ನಾನೂ ಆ ಆಫೀಸಿಗೆ ಮತ್ತೆ ಕಾಲಿಡಲಿಲ್ಲ.

ಬಂಡ್ರಿಯಲ್ಲಿ ಕೂತು ಅವರು ಫೋನಿನಲ್ಲೇ ತಮ್ಮದೊಂದು ಪುಟ ನಡೆಸಿದರು. ನೋಡುವವರು ಬೆರಳೆಣಿಕೆ. ಅಲ್ಲೂ ಅದೇ ಕಾಮೆಂಟುಗಳು, ಈಗ ಹೊಸದೊಂದು ಸೇರಿತ್ತು. ತಮ್ಮನನ್ನು ತಿಂದವಳು, ಅಂತ. ಅದನ್ನು ಯಾರ ಮುಂದೆ ಕೂತು ಗಟ್ಟಿಯಾಗಿ ಓದಿದರೋ... ಹೊಟ್ಟೆಯ ಬೇನೆ ಬಂತು ಅಂತ ಕೇಳಿದ್ದೆ. ಹೋಗಿ ಮಾತಾಡಿಸಿದ್ದೆ. "ಕುಂದ್ರು, ಚಾ ಕುಡಿ, ಆಮ್ಯಾಲೆ ಹೋಗಿ ಕೆಲ್ಸ ಮಾಡು" ಅಂದಿದ್ದರು.

ಈಗ ನಾನೂ ಹೊಸಪೇಟೆಯಲ್ಲಿ ಒಂದು ಸಣ್ಣ ಡಿಜಿಟಲ್ ಸುದ್ದಿಮನೆ ನೋಡಿಕೊಳ್ಳುತ್ತೇನೆ. ಹೋದ ತಿಂಗಳು ಒಂದು ಬೆಳಿಗ್ಗೆ ಫೋನು ತೆರೆದರೆ ಅವರದೇ ಮುಖ. ಕಪ್ಪು ಅಂಚು, ದೀಪ. ಎಲ್ಲರಿಗಿಂತ ಮೊದಲು ಹಾಕಿದ್ದು ಅದೇ ಧಣಿಯ ವಾಹಿನಿ. "ನಮ್ಮ ಸಂಸ್ಥೆಯ ಹೆಮ್ಮೆಯ ಸಂಪಾದಕಿ ಇನ್ನಿಲ್ಲ." ಹೆಮ್ಮೆಯಂತೆ! ಥೂ. ಅದರ ಹಿಂದೆಯೇ ಊರಿನ ವಾಹಿನಿಗಳೆಲ್ಲ ಹಾಕಿದವು. ನಮ್ಮ ಡೆಸ್ಕಿನವರು ನನ್ನ ಮುಖವನ್ನೇ ನೋಡುತ್ತಿದ್ದರು.

ನಾನು ಹಾಕಲಿಲ್ಲ. ಬಂಡ್ರಿಗೆ ಫೋನು ಹಚ್ಚಿದೆ. ಅವರವ್ವ ಎತ್ತುವವರೆಗೆ ಹಚ್ಚುತ್ತಲೇ ಇದ್ದೆ. ಮಧ್ಯಾಹ್ನವಾಯಿತು. ಎತ್ತಿದಾಗ ನಾನೇನೂ ಕೇಳಲಿಲ್ಲ. ಅಂಗಳದಲ್ಲಿ ನಿಂತ ಹಾಗೆ ಸುಮ್ಮನೆ ಇದ್ದೆ. ಆ ಕಡೆ ಮುದುಕಿಯ ಉಸಿರು ಕೇಳಿಸುತ್ತಿತ್ತು.

"ಹೋದ್ಲವ್ವಾ" ಅಂದಳು ಕಡೆಗೆ. "ಮುಂಜಾನಿಂದ ಯಾರೂ ಕೇಳಲಿಲ್ಲ ನೋಡು. ನೀ ಒಬ್ಬಾಕಿ."

ಆಮೇಲೆ ಕಾರ್ಡು ಹಾಕಿದೆ. ಊರಿಗೆಲ್ಲ ಕೊನೆಯವಳು ನಾನೇ. ಕೆಳಗೆ ಮೊದಲ ಕಾಮೆಂಟು ಬಂತು. "ಈಗ ಎದ್ರೇನ್ರಿ ಮೇಡಂ? ಇದು ಮುಂಜಾನಿ ಸುದ್ದಿ, ಹಳಸೈತಿ." ಅದಕ್ಕೆ ಕೊಡಬೇಕಾದ ಉತ್ತರ ನನಗೆ ಗೊತ್ತಿತ್ತು. "ಅನ್ನ ಹಳಸ್ತೈತ್ರಿ" ಅಂತ ಅರ್ಧ ಟೈಪು ಮಾಡಿ ಅಳಿಸಿದೆ. ಆ ಮಾತು ಅವರದು, ಅದನ್ನು ಕುರ್ಚಿಯಿಂದ ಏಳದೆ ಅನ್ನಲು ಅವರೇ ಬೇಕಿತ್ತು.