ರಜೆಯಲ್ಲಿದ್ದವರ ಕಾರು

ರಬ್ಬರಿಗೂ ಎಣ್ಣೆ ತಾಗುತ್ತಿರಬೇಕು, ಇಲ್ಲದಿದ್ದರೆ ಒಣಗಿ ಬಿರಿಯುತ್ತದೆ ಎಂದು ನನಗೆ ಗೊತ್ತಾದದ್ದು ಕತಾರಿನಲ್ಲಿ. ಅಲ್ಲಿಯ ತನಕ ನನಗೆ ಪರಿಚಯವಿದ್ದ ರಬ್ಬರೆಂದರೆ ಕುಕ್ಕರಿನ ಗ್ಯಾಸ್ಕೆಟ್ ಒಂದೇ. ಕಾರಿನ ಆಯಿಲ್ ಸೀಲ್ ಕೂಡ ಅದರ ತಮ್ಮನೇ ಎಂದು ನನ್ನ ಗಂಡ ವಿವರಿಸಿದರು. ಇಂಜಿನ್ನಿನೊಳಗೆ ತಿರುಗುವ ದಂಡ ಹೊರಗೆ ಬರುವಲ್ಲಿ ಸುತ್ತ ಕೂತು, ಆಯಿಲ್ ಸೋರದ ಹಾಗೆ ಹಿಡಿದುಕೊಳ್ಳುವ ಬಳೆ. ಕಾರು ಓಡುತ್ತಿದ್ದರೆ ಅದು ಮೆತ್ತಗಿರುತ್ತದೆ. ಆ ಬಿಸಿಲಲ್ಲಿ ತಿಂಗಳುಗಟ್ಟಲೆ ನಿಂತರೆ ಖಲಾಸ್.

ನಾವಿದ್ದದ್ದು ಅಲ್ಲಿಯ ಮುಐದರ್ ಎಂಬ ಬಡಾವಣೆಯಲ್ಲಿ, ಗೋಡೆ ಎಬ್ಬಿಸಿ ಹಲವು ಮನೆ ಮಾಡಿದ್ದ ಒಂದು ವಿಲ್ಲಾದಲ್ಲಿ. ಅಲ್ಲಿ ನಮ್ಮದೇ ಒಂದು ಕ್ರಮವಿತ್ತು. ಬೇಸಿಗೆಯಲ್ಲಿ ಊರಿಗೆ ಹೋಗುವವರು ಕಾರಿನ ಕೀಯನ್ನು ಪಕ್ಕದ ಮನೆಯವರಿಗೆ ಕೊಟ್ಟು ಹೋಗುವುದು. ಉಳಿದವರು ಶುಕ್ರವಾರ ಶುಕ್ರವಾರ ಸ್ಟಾರ್ಟ್ ಮಾಡಿ, ಸ್ವಲ್ಪ ಹಿಂದೆ ಮುಂದೆ ಮಾಡಿ ಇಡುವುದು. ಹೋದವರು ಬಂದು ಹಲ್ವದ ಪೊಟ್ಟಣ ಕೊಟ್ಟು ಕೀ ಬಿಡಿಸಿಕೊಳ್ಳುವುದು. ಹಲ್ವ ಬಾರದೆ ಕೀ ಇಲ್ಲ ಎಂದು ನಾನೇ ಎಲ್ಲರನ್ನೂ ಹೆದರಿಸುತ್ತಿದ್ದೆ.

ಆ ವರ್ಷ ಕೀ ಕೊಟ್ಟು ಹೋದವರು ಪಕ್ಕದ ಮನೆಯ ಕುಂದಾಪುರ ಕಡೆಯ ಅಣ್ಣ. ಅವರ ಹೆಂಡತಿಗೆ, ನಾನು ಅಕ್ಕ ಎಂದು ಕರೆಯುತ್ತಿದ್ದವರಿಗೆ, ಆಫೀಸಿನಲ್ಲಿ ರಜೆ ಸಿಕ್ಕಿರಲಿಲ್ಲ. ಅಕ್ಕನಿಗೆ ಡ್ರೈವಿಂಗ್ ಬಾರದು. ಅಣ್ಣ ಹೊರಡುವ ಮೊದಲು ನನ್ನ ಗಂಡನನ್ನು ಕಾರಿನ ಬಳಿ ಬಗ್ಗಿಸಿ, ಹಿಂದಿನ ಸೀಲ್ ಸ್ವಲ್ಪ ಹೋಗಿದೆ, ಅದನ್ನು ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕು, ಬಂದ ಮೇಲೆ ನಾನೇ ಹಾಕಿಸುತ್ತೇನೆ ಎಂದರು. ನೆಲ ಹಾಳಾಗದ ಹಾಗೆ ಅಡಿಗೆ ಒಂದು ರಟ್ಟನ್ನೂ ಹಾಸಿದರು.

ಅವರು ಬರಲಿಲ್ಲ. ವಾಪಸು ಹೊರಡಲು ಪೆಟ್ಟಿಗೆ ಕಟ್ಟಿಟ್ಟ ವಾರವೇ, ಸ್ನಾನ ಮಾಡಿ ಬಂದು ಚಾವಡಿಯಲ್ಲಿ ಕೂತವರು ಹಾಗೆಯೇ ಹೋಗಿಬಿಟ್ಟರಂತೆ. ಅಕ್ಕ ಊರಿಗೆ ಓಡಿದರು, ಉತ್ತರಕ್ರಿಯೆಯ ಬೊಜ್ಜ ಮುಗಿಸಿ ಒಬ್ಬರೇ ಮರಳಿದರು. ಅಳಲಿಲ್ಲ. ನಮ್ಮಲ್ಲಿದ್ದ ಕೀಯನ್ನು ಕೇಳಲೂ ಇಲ್ಲ. "ಇವರ ಕಾರು ನಿಲ್ಲಬಾರದು, ಹೇಗಿತ್ತೋ ಹಾಗೇ ಇರ್ಲಿ" ಎಂದರು, ಅಷ್ಟೇ. ಊಟಕ್ಕೆ ಕರೆದರೆ, ಇವರಿಲ್ಲದೆ ಹೇಗೆ, ಬರಲಿ ಎನ್ನುತ್ತಿದ್ದರು. ಈ ಹೆಂಗಸಿನ ತಲೆ ಕೆಟ್ಟರೆ ಈ ಮರಳುಗಾಡಿನಲ್ಲಿ ಹಿಡಿದುಕೊಳ್ಳಲು ಯಾರಿದ್ದಾರೆ ಎಂದು ನಾನು ನಿಜಕ್ಕೂ ಹೆದರಿದ್ದೆ.

ಹಾಗೆ ಶುಕ್ರವಾರದ ಸ್ಟಾರ್ಟ್ ಮುಂದುವರಿಯಿತು. ನಿಂತ ಕಾರು ಹೆಚ್ಚು ಸೋರುವುದಿಲ್ಲ, ರಟ್ಟಿನ ಮೇಲೆ ವಾರಕ್ಕೆ ಒಂದೆರಡು ಕಪ್ಪು ಬೊಟ್ಟು ಬೀಳುತ್ತಿತ್ತು. ಒಂದು ಶುಕ್ರವಾರ ನೋಡಿದರೆ ರಟ್ಟು ಇಡೀ ನೆನೆದು ಹೋಗಿದೆ. ಆಯಿಲ್ ನೋಡುವ ಕಡ್ಡಿಯ ತುದಿಗೆ ಮಾತ್ರ ಪಸೆ. ಗಂಡ ಆಯಿಲ್ ತುಂಬಿಸಿ ರಟ್ಟು ಬದಲಿಸಿದರು. ಮುಂದಿನ ವಾರವೂ ಅದೇ ಕಥೆ. ಇಂಜಿನ್ ಓಡಿದರೆ ಮಾತ್ರ ಇಷ್ಟು ಸೋರುವುದು, ಯಾರೋ ಸ್ಟಾರ್ಟ್ ಮಾಡುತ್ತಿದ್ದಾರೆ ಎಂದರು ಅವರು. ಕೀ ನಮ್ಮ ಫ್ರಿಜ್ಜಿನ ಪಕ್ಕದ ಮೊಳೆಯಲ್ಲೇ ನೇತಾಡುತ್ತಿತ್ತು.

ಊರಿನಲ್ಲಿ ಆಗ ಆಟಿ ತಿಂಗಳು. ಸತ್ತವರು ಮನೆಗೆ ಬಂದು ಹೋಗುವ ಕಾಲ ಎಂದು ನಮ್ಮ ಕಡೆ ಬಾಗಿಲ ಮರೆಯಲ್ಲಿ ಎಲೆ ಹಾಕಿ ಬಡಿಸುತ್ತಾರೆ. ನಾನು ಅದನ್ನೇ ಹೇಳಿದೆ. "ಇಲ್ಲಿಗೆ ಬರ್ಲಿಕ್ಕೆ ಪ್ರೇತಕ್ಕೂ ವೀಸಾ ಬೇಕು ಮಾರಾಯ್ತಿ, ಸ್ಪಾನ್ಸರ್ ಯಾರು?" ಎಂದು ಗಂಡ ನಕ್ಕರು. ಆದರೆ ಮರುದಿನದಿಂದ ಆ ಕೀಯನ್ನು ಅವರೇ ಕಪಾಟಿನೊಳಗೆ ಇಟ್ಟು ಬೀಗ ಹಾಕತೊಡಗಿದರು.

ಅದಾಗಿ ಒಂದು ಮಧ್ಯಾಹ್ನ. ಹೊರಗೆ ಧೂಳು ಎದ್ದು ಸೂರ್ಯ ಹಳದಿಯಾಗಿದ್ದ. ಬೀದಿಯಲ್ಲಿ ಬೆಕ್ಕು ಕೂಡ ಇಲ್ಲ. ಪಾತ್ರೆ ತೊಳೆಯುತ್ತಿದ್ದವಳಿಗೆ ಇಂಜಿನ್ನಿನ ಸದ್ದು ಕೇಳಿತು. ಕಿಟಕಿಯಿಂದ ನೋಡಿದರೆ, ತಗಡಿನ ಮಾಡಿನಡಿ ಅಣ್ಣನ ಕಾರು ಸಣ್ಣಗೆ ನಡುಗುತ್ತಾ ನಿಂತಿದೆ. ಸ್ಟೇರಿಂಗಿನ ಹಿಂದೆ ಯಾರೂ ಇಲ್ಲ.

ಕೈಯ ಸೋಪು ತೊಳೆಯದೆ ಹೊರಗೆ ಹೋದೆ. ಕಪ್ಪು ಗಾಜಿಗೆ ಹಣೆ ಒತ್ತಿ ನೋಡಿದೆ. ಡ್ರೈವರನ ಪಕ್ಕದ ಸೀಟಿನಲ್ಲಿ, ತನ್ನ ಮಾಮೂಲಿ ಜಾಗದಲ್ಲಿ, ಬೆಲ್ಟ್ ಹಾಕಿಕೊಂಡು, ಮಡಿಲಲ್ಲಿ ಪರ್ಸ್ ಇಟ್ಟುಕೊಂಡು ಅಕ್ಕ ಕೂತಿದ್ದರು. ಮಾರ್ಕೆಟ್ಟಿಗೆ ಹೊರಟ ಹಾಗೆ ತಲೆ ಬಾಚಿ ಬೊಟ್ಟು ಇಟ್ಟಿದ್ದರು. ಕೀ ತೂತಿನಲ್ಲಿದ್ದದ್ದು ಅಣ್ಣ ಊರಿಗೆ ಒಯ್ದಿದ್ದ ಇನ್ನೊಂದು ಕೀ. ಅವರ ಪೆಟ್ಟಿಗೆಯ ಜೊತೆ ಅದೂ ಮರಳಿತ್ತು.

ಮೊದಲೆಲ್ಲ ಮಾರ್ಕೆಟ್ಟಿಗೆ ಹೋಗುವಾಗ ನಾನು ಹಿಂದೆ ಕೂರುತ್ತಿದ್ದೆ. ಏನು ಮಾಡುವುದೆಂದು ತಿಳಿಯದೆ ಹಿಂದಿನ ಬಾಗಿಲು ತೆರೆದು ಅಲ್ಲೇ ಕೂತೆ.

"ಬಾಗಿಲು ಹಾಕಿ, ತಂಪು ಹೋಗ್ತದೆ" ಎಂದರು ಅಕ್ಕ, ತಿರುಗದೆ.

ಹಾಕಿದೆ. ಏಸಿಯ ಗಾಳಿಯಲ್ಲಿ ಅಣ್ಣ ಹಚ್ಚುತ್ತಿದ್ದ ಅತ್ತರಿನ ವಾಸನೆ ಇನ್ನೂ ಇತ್ತು. ಖಾಲಿ ಸೀಟು ಅವರು ಕೂತಲ್ಲಿ ತಗ್ಗಾಗಿತ್ತು. ನಾನೂ ಕಾಯುತ್ತಿದ್ದೇನೆ ಎಂದು ನನಗೇ ಅನಿಸಿತು. ಅಷ್ಟರಲ್ಲಿ ಮುಂದೆ ಕೆಂಪು ದೀಪ ಮಿನುಗಿ ಹತ್ತಿಕೊಂಡಿತು.

"ಆಯಿಲ್ ಮುಗೀತು ಅಕ್ಕ, ಇನ್ನು ಓಡಿದ್ರೆ ಇಂಜಿನ್ ಜಾಮ್ ಆಗ್ತದೆ. ಆಫ್ ಮಾಡಿ."

"ಸೀಲ್ ಇವರೇ ಬಂದು ಹಾಕಿಸ್ತೇನೆ ಅಂದಿದ್ದಾರಲ್ಲ."

ಅಕ್ಕ ಪಕ್ಕದ ಸೀಟನ್ನೇ ನೋಡಿದರು. ದೀಪ ಉರಿಯುತ್ತಲೇ ಇತ್ತು. ಇಂಜಿನ್ನಿನ ಸದ್ದು ಒರಟಾಯಿತು. ಕೊನೆಗೆ ಅವರೇ ಕೈ ಚಾಚಿ ಕೀ ತಿರುಗಿಸಿದರು. ಏಸಿ ನಿಂತಿತು, ಬಿಸಿ ಒಳಗೆ ನುಗ್ಗಿತು. ಆಮೇಲೆ ಅಕ್ಕ ಅತ್ತರು. ಅಂಥ ಅಳುವನ್ನು ನಾನು ಮತ್ತೆ ಕೇಳಿಲ್ಲ.

ಅದೇ ಸಂಜೆ ನಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ಕಾಗದದ ಪೊಟ್ಟಣ. ತುಪ್ಪ ಜಿನುಗಿ ಕಾಗದವೆಲ್ಲ ಕಪ್ಪಾಗಿತ್ತು.

"ಹಲ್ವ. ನಿಮಗೆ ಅಂತ ಇವರೇ ಪೆಟ್ಟಿಗೆಯಲ್ಲಿ ಇಟ್ಟದ್ದು" ಎಂದರು. "ಕೀ ಕೊಡಿ."

ನಾನು ಪೊಟ್ಟಣ ತೆಗೆದುಕೊಂಡೆ. ಕಪಾಟಿನ ಬೀಗ ತೆಗೆದು, ಕೀಯನ್ನು ಅವರ ಕೈಯಲ್ಲಿಟ್ಟೆ.